ಹಳೇ ಕಾರಿನ ಬಾಗಿಲ ಹಿಂಜ್ ಬೋಲ್ಟ್ ಕಚ್ಚಿಕೊಂಡಾಗ

ಬಾಗಿಲ ಕೀಲನ್ನು, ಅಂದ್ರೆ ಹಿಂಜನ್ನು, ಗಾಡಿಗೆ ಬಿಗಿಯುವ ಹಿಂಜ್ ಬೋಲ್ಟ್ ದೊಡ್ಡ ಸಾಮಾನೇನಲ್ಲ. ಹೊಸದು ಬೇಕಂದ್ರೆ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಬೆಲೆ ಇರುವುದು ಅದು ಹೋಗಿ ಕೂರುವ ಜಾಗಕ್ಕೆ. ಬಾಗಿಲು ತೂಗುವ ಕಂಬ, ಅಂದ್ರೆ ಪಿಲ್ಲರ್ ಒಳಗೆ, ಕಣ್ಣಿಗೆ ಬೀಳದ ಕಡೆ, ದಪ್ಪ ಉಕ್ಕಿನ ಒಂದು ತುಂಡು ಇರುತ್ತದೆ. ಅದರಲ್ಲಿ ಬೋಲ್ಟ್ ತಿರುಗಿ ಕೂರುವ ಸುರುಳಿ ಗೆರೆ, ಅಂದ್ರೆ ಥ್ರೆಡ್ ಕೊರೆದಿರುತ್ತಾರೆ. ಇದಕ್ಕೆ ನಟ್ ಪ್ಲೇಟ್ ಅನ್ನುತ್ತೇವೆ. ಬಾಗಿಲನ್ನು ಆಚೀಚೆ ಸರಿಸಿ ಕೂರಿಸಲು ಅನುಕೂಲ ಆಗಲಿ ಅಂತ ಎಷ್ಟೋ ಗಾಡಿಗಳಲ್ಲಿ ಈ ಪ್ಲೇಟನ್ನು ವೆಲ್ಡ್ ಮಾಡಿರುವುದಿಲ್ಲ. ತೆಳು ತಗಡಿನ ಗೂಡಿನಲ್ಲಿ ಸ್ವಲ್ಪ ಸಡಿಲವಾಗಿ ಬಿಟ್ಟಿರುತ್ತಾರೆ. ಆ ಗೂಡು ಕಿತ್ತುಹೋಗಿ ಪ್ಲೇಟ್ ಪಿಲ್ಲರ್ ತಳಕ್ಕೆ ಬಿತ್ತು ಅಂದ್ರೆ ಒಂದು ಬೆಳಗಿನ ಕೆಲಸ ವಾರಕ್ಕೆ ಎಳೆಯುತ್ತದೆ.

ಹಾಗಾಗಿ ಈ ಬರಹದ ಉದ್ದಕ್ಕೂ ನನ್ನ ಲೆಕ್ಕ ಒಂದೇ. ಬೋಲ್ಟ್ ಹೋದರೆ ಹೋಗಲಿ, ನಟ್ ಪ್ಲೇಟ್ ಉಳಿಯಲಿ. ಯಾವಾಗ ಎಳೆಯಬೇಕು, ಯಾವಾಗ ನಿಲ್ಲಿಸಬೇಕು, ಯಾವಾಗ ನಾವೇ ಬೋಲ್ಟಿನ ತಲೆ ಕೊರೆದು ತೆಗೆಯಬೇಕು ಅನ್ನುವುದೆಲ್ಲ ಇದರ ಮೇಲೆ ನಿಂತಿದೆ.

ನಮ್ಮ ಕಡೆ ಈ ತೊಂದರೆ ಯಾಕೆ ಜಾಸ್ತಿ

ಕಡೂರು, ಅರಸೀಕೆರೆ ಕಡೆಯಿಂದ ಬಂದ ಹಳೇ ಮಾರುತಿ 800ರ ಬಾಗಿಲು ಬಿಚ್ಚುವುದಕ್ಕೂ, ಮೂಡಿಗೆರೆ ಅಥವಾ ಸಕಲೇಶಪುರದ ಗಾಡಿಯ ಬಾಗಿಲು ಬಿಚ್ಚುವುದಕ್ಕೂ ಅಜಗಜಾಂತರ. ಅಲ್ಲಿ ಬಯಲುಸೀಮೆಯ ಧೂಳು, ಇಲ್ಲಿ ಮಲೆನಾಡಿನ ನೀರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಒಣಗುವುದೇ ಇಲ್ಲ. ಪಿಲ್ಲರ್ ಒಳಗೆ ಹೋದ ನೀರು ಕೆಳಗಿನ ತೂತಿನಿಂದ ಹರಿದು ಹೋಗಬೇಕು. ಆ ತೂತಿಗೆ ಕೆಂಪು ಮಣ್ಣು ಮೆತ್ತಿರುತ್ತದೆ. ಒಳಗೆಲ್ಲ ತೇವ ನಿಂತುಬಿಡುತ್ತದೆ.

ಅದರ ಮೇಲೆ ತೋಟದ ಗಾಡಿಗಳ ಕಥೆಯೇ ಬೇರೆ. ಒಮ್ನಿಯಲ್ಲೋ ಜೀಪಿನಲ್ಲೋ ಪೊಟ್ಯಾಷ್ ಚೀಲ ಹೇರಿರುತ್ತಾರೆ. ತೋಟಕ್ಕೆ ಹಾಕುವ ಸಾಮಾನ್ಯ ಪೊಟ್ಯಾಷ್ ಅಂದ್ರೆ ಪೊಟ್ಯಾಸಿಯಂ ಕ್ಲೋರೈಡ್. ಅಡುಗೆ ಉಪ್ಪಿನ ಜಾತಿಯದೇ. ಚೀಲ ಒಡೆದು ಚೆಲ್ಲಿದ ಪುಡಿ ತೇವ ಕುಡಿದು ತಗಡು ತಿನ್ನುತ್ತದೆ. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಮದ್ದು ಗಿಡಕ್ಕೆ ಹೊಡೆಯುವ ಕಾಲದಲ್ಲಿ ಮೈಲುತುತ್ತದ ಡಬ್ಬಿ ಬೇರೆ. ಮೈಲುತುತ್ತದ ನೀರು ಕಬ್ಬಿಣಕ್ಕೆ ತಗುಲಿದರೆ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಕಬ್ಬಿಣ ಕರಗಿ ಹೋಗುತ್ತದೆ. ಅನುಮಾನ ಇದ್ದರೆ ಒಂದು ಮೊಳೆ ಅದ್ದಿ ನೋಡಿ. ಗಾಡಿ ತೋಟದ ಕೆಲಸಕ್ಕೆ ಓಡಿದ್ದು ಅಂತ ಗೊತ್ತಾದರೆ ಬೋಲ್ಟಿಗೆ ಸ್ಪ್ಯಾನರ್ ಹಾಕುವ ಮೊದಲು ಎರಡು ರಾತ್ರಿ ಎಣ್ಣೆ ಕುಡಿಸುವುದು ಒಳ್ಳೆಯದು.

ಬೋಲ್ಟ್ ಬಿಚ್ಚಲೇಬೇಕಾ?

ಬಾಗಿಲು ಜೋತುಬಿದ್ದಿದೆ, ಎತ್ತಿ ಹಾಕಬೇಕು, ಆದ್ದರಿಂದ ಹಿಂಜ್ ಬಿಚ್ಚಬೇಕು ಅಂತ ಬಹಳ ಜನ ನೇರ ಹೊರಟುಬಿಡುತ್ತಾರೆ. ಸ್ವಲ್ಪ ತಡೀರಿ.

ಬಾಗಿಲನ್ನು ಅರ್ಧ ತೆರೆಯಿರಿ. ಹ್ಯಾಂಡಲ್ ಇರುವ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಎತ್ತಿ, ಬಿಡಿ. ಮತ್ತೆ ಎತ್ತಿ. ಇನ್ನೊಬ್ಬರು ಹಿಂಜ್ ಹತ್ತಿರ ಟಾರ್ಚ್ ಹಿಡಿದು ಕೂರಲಿ. ಹಿಂಜಿನ ಎರಡು ಎಲೆಗಳ, ಅಂದ್ರೆ ಬಾಗಿಲಿಗೊಂದು ಪಿಲ್ಲರಿಗೊಂದು ಕೂರುವ ಪಟ್ಟಿಗಳ ನಡುವೆ ಆಟ ಕಂಡರೆ ಸವೆದಿರುವುದು ಅವನ್ನು ಜೋಡಿಸುವ ಪಿನ್ ಮತ್ತು ಪಿನ್ ತಿರುಗುವ ಬುಷ್. ಪಿನ್ ಹೊರಗೆ ಹೊಡೆದು ಬದಲಿಸಲು ಬರುವ ಹಿಂಜ್ ಆದರೆ ಬೋಲ್ಟ್ ಮುಟ್ಟುವ ಅಗತ್ಯವೇ ಇಲ್ಲ. ಹಿಂಜಿನ ಎಲೆ ಪಿಲ್ಲರ್ ಮೇಲೆ ಜಾರುತ್ತಿದ್ದರೆ ಬೋಲ್ಟ್ ಸಡಿಲ. ಎಲೆ, ಬೋಲ್ಟ್ ಎರಡೂ ಗಟ್ಟಿ ಇದ್ದು ಪಿಲ್ಲರ್ ತಗಡೇ ಉಸಿರಾಡಿದ ಹಾಗೆ ಒಳಗೆ ಹೊರಗೆ ಆಗುತ್ತಿದ್ದರೆ ತುಕ್ಕು ತಗಡಿಗೇ ಹತ್ತಿದೆ. ಇದು ಟಿಂಕರಿಂಗ್ ಕೆಲಸ. ಅಂಥ ಪಿಲ್ಲರಿನ ಬೋಲ್ಟನ್ನು ಪೈಪ್ ಹಾಕಿ ಎಳೆದರೆ ತಗಡಿನ ಸಮೇತ ಬರುತ್ತದೆ.

ಕೆಲವು ಗಾಡಿಗಳಲ್ಲಿ ಹಿಂಜಿನ ಒಂದು ಕಡೆ ವೆಲ್ಡ್ ಆಗಿರುತ್ತದೆ. ಅದನ್ನೂ ಮೊದಲೇ ನೋಡಿಕೊಳ್ಳಿ. ಇನ್ನು ಕೆಲವದರಲ್ಲಿ ಮಡ್‌ಗಾರ್ಡ್ ಬಿಚ್ಚದೆ ಬೋಲ್ಟ್ ತನಕ ನೇರವಾಗಿ ಕೈ ಹೋಗುವುದಿಲ್ಲ. ಓರೆಯಾಗಿ ಸ್ಪ್ಯಾನರ್ ತೂರಿಸಿ ಹೇಗೋ ಮಾಡೋಣ ಅನ್ನುವ ಆಸೆ ಬರುತ್ತದೆ. ಆ ಓರೆಯಲ್ಲೇ ಬೋಲ್ಟ್ ತಲೆಯ ಮೂಲೆ ಸವೆದು ರೌಂಡ್ ಆಗುವುದು. ಮಡ್‌ಗಾರ್ಡ್ ಬಿಚ್ಚಿಬಿಡಿ.

ಅಳತೆಯ ಗೊಂದಲ

ತುಕ್ಕಿಗಿಂತ ಜಾಸ್ತಿ ಬೋಲ್ಟ್ ತಲೆಗಳನ್ನು ಹಾಳು ಮಾಡಿರುವುದು ತಪ್ಪು ಸ್ಪ್ಯಾನರ್ ಅನ್ನುವುದು ನನ್ನ ಅಭಿಪ್ರಾಯ. ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದ ಗಾಡಿ. ಹಳೇ ಜೀಪ್ ಅಮೆರಿಕದ ವಿಲ್ಲೀಸ್ ಮೂಲದ್ದು. ಎರಡರಲ್ಲೂ ಇಂಚಿನ ಅಳತೆಯ ಬೋಲ್ಟುಗಳು ಬರುತ್ತವೆ. ಪ್ರೀಮಿಯರ್ ಪದ್ಮಿನಿ ಇಟಲಿಯ ಫಿಯೆಟ್, ಮಾರುತಿ ಜಪಾನಿನ ಸುಜುಕಿ. ಇವು ಮಿಲಿಮೀಟರ್ ಗಾಡಿಗಳು.

ಅರ್ಧ ಇಂಚು ಅಂದ್ರೆ 12.7 ಮಿಲಿಮೀಟರ್. ಅಷ್ಟಗಲದ ತಲೆಗೆ 13 ನಂಬರ್, ಅಂದ್ರೆ 13 ಮಿಲಿಮೀಟರ್ ಸ್ಪ್ಯಾನರ್ ಹಾಕಿದರೆ ಕೂತ ಹಾಗೇ ಅನಿಸುತ್ತದೆ. ಸಡಿಲ ಇರುವುದು ಬರೀ 0.3 ಮಿಲಿಮೀಟರ್. ಸಾಧಾರಣ ಬೋಲ್ಟಿಗೆ ಇದು ನಡೆದುಹೋಗುತ್ತದೆ. ತುಕ್ಕು ಹಿಡಿದ ಬೋಲ್ಟಿಗೆ ಜೋರಾಗಿ ಎಳೆದ ತಕ್ಷಣ ಮೂಲೆಗಳು ಉರುಟಾಗುತ್ತವೆ.

ಇನ್ನೊಂದು ಇದೆ, ಇದು ಇನ್ನೂ ಮೋಸದ್ದು. 5/16 ಇಂಚಿನ ಬೋಲ್ಟ್ 7.94 ಮಿಲಿಮೀಟರ್ ದಪ್ಪ. ನೋಡಲು 8 ಎಂಎಂ ಬೋಲ್ಟೇ. ಆದರೆ ಅದರ ಸಣ್ಣ ಥ್ರೆಡ್ ಇಂಚಿಗೆ 24 ಸುತ್ತು, ಅಂದ್ರೆ ಸುತ್ತಿನಿಂದ ಸುತ್ತಿಗೆ ಸುಮಾರು 1.06 ಮಿಲಿಮೀಟರ್. ಸಾಮಾನ್ಯ 8 ಎಂಎಂ ಬೋಲ್ಟಿನದು 1.25. ಹಿಂದೆ ಯಾರೋ ಇಂಚಿನ ಬೋಲ್ಟ್ ಸಿಗಲಿಲ್ಲ ಅಂತ 8 ಎಂಎಂ ಹಾಕಿ, ಎರಡು ಸುತ್ತು ಹೋಗಿ ನಿಂತ ಮೇಲೆ ಬಲವಂತವಾಗಿ ತಿರುಗಿಸಿರುತ್ತಾರೆ. ಆ ಬೋಲ್ಟಿನಲ್ಲಿ ಒಂದು ಚೂರೂ ತುಕ್ಕು ಇಲ್ಲದಿದ್ದರೂ ಜಾಮ್ ಆಗಿರುತ್ತದೆ. ಒಂದೇ ಹಿಂಜಿನಲ್ಲಿ ಮೂರು ಬೋಲ್ಟ್ ಒಂದು ತರಹ, ನಾಲ್ಕನೆಯದು ಬೇರೆ ತಲೆ ಅಂತ ಕಂಡರೆ ಇದೇ ಅಂದುಕೊಳ್ಳಿ. ಇದಕ್ಕೆ ಎಣ್ಣೆ, ಬೆಂಕಿ ಏನೂ ಕೆಲಸ ಮಾಡುವುದಿಲ್ಲ. ನೇರ ತಲೆ ಕೊರೆದು ತೆಗೆಯುವ ಕಡೆಗೆ ಹೋಗಿ.

ಬಿಚ್ಚುವ ಮೊದಲು

ಬಾಗಿಲ ಕೆಳಗೆ ಜಾಕ್ ಇಡಿ. ಮೇಲೆ ಮರದ ತುಂಡು, ಅದರ ಮೇಲೆ ಮಡಿಸಿದ ಗೋಣಿಚೀಲ. ಬಾಗಿಲ ಭಾರ ಹಿಂಜಿನ ಮೇಲೆ ಇದ್ದಷ್ಟೂ ಬೋಲ್ಟ್ ಪಕ್ಕಕ್ಕೆ ಒತ್ತಿಕೊಂಡಿರುತ್ತದೆ. ಭಾರ ತೆಗೆದರೆ ಅರ್ಧ ಹಟ ಅಲ್ಲೇ ಇಳಿಯುತ್ತದೆ. ಬಾಗಿಲು ಹೆಚ್ಚು ತೆರೆಯದ ಹಾಗೆ ತಡೆಯುವ ಪಟ್ಟಿಯನ್ನು ಬಿಚ್ಚಿ. ವೈರ್ ಇದ್ದರೆ ಬಿಡಿಸಿ. ಹಿಂಜಿನ ಸುತ್ತ ಮಾರ್ಕರ್‌ನಲ್ಲಿ ಗೆರೆ ಎಳೆದುಕೊಳ್ಳಿ. ಇದನ್ನು ಮರೆತರೆ ಆಮೇಲೆ ಬಾಗಿಲು ಕೂರಿಸಲು ಸಂಜೆಯಾಗುತ್ತದೆ.

ಬೋಲ್ಟ್ ತಲೆಯನ್ನು ಚೊಕ್ಕ ಮಾಡಿ. ಹಳೇ ಗಾಡಿಗೆ ಮೂರು ನಾಲ್ಕು ಸಲ ಪೇಂಟ್ ಹೊಡೆದಿರುತ್ತಾರೆ. ತಲೆಯ ಮೂಲೆಗಳಲ್ಲಿ ಪೇಂಟು, ಪುಟ್ಟಿ ತುಂಬಿ ಸಾಕೆಟ್ ಪೂರ್ತಿ ಒಳಗೆ ಕೂರುವುದಿಲ್ಲ. ಬ್ಲೇಡಿನಿಂದ ಸುತ್ತ ಕೊಯ್ದು, ತಂತಿ ಬ್ರಷ್‌ನಲ್ಲಿ ಉಜ್ಜಿ. ಸಾಕೆಟ್ ಆರು ಮೂಲೆಯದೇ ಇರಲಿ. ಪೆಟ್ಟಿಗೆಯಲ್ಲಿ ಬರುವ ರಿಂಗ್ ಸ್ಪ್ಯಾನರ್‌ಗಳು ಸಾಮಾನ್ಯವಾಗಿ ಹನ್ನೆರಡು ಮೂಲೆಯವು. ಅವು ಬೋಲ್ಟಿನ ಮೂಲೆ ಹಿಡಿಯುತ್ತವೆ. ಆರು ಮೂಲೆಯದು ಚಪ್ಪಟೆ ಬದಿಯನ್ನು ಹಿಡಿಯುತ್ತದೆ.

ಎಣ್ಣೆ ಎಲ್ಲಿಗೆ ಹಾಕುವುದು ಅನ್ನುವುದೇ ಮುಖ್ಯ. ಎಲ್ಲರೂ ತಲೆಗೆ ಹಾಕುತ್ತಾರೆ. ಥ್ರೆಡ್ ಇರುವುದು ಹಿಂಜಿನ ಎಲೆ, ಪಿಲ್ಲರ್ ತಗಡು ಎರಡನ್ನೂ ದಾಟಿ ಆ ಕಡೆ. ತಲೆಗೆ ಹಾಕಿದ್ದು ಅಲ್ಲಿಗೆ ತಲುಪುವುದು ಅಷ್ಟಕ್ಕಷ್ಟೇ. ಕಾಲಿನ ಪಕ್ಕದ ಟ್ರಿಮ್ ಬಿಚ್ಚಿ, ಒಳಗಿನ ತೂತಿನಿಂದ ಸ್ಪ್ರೇ ಡಬ್ಬಿಯ ಉದ್ದನೆ ನಳಿಗೆ ತೂರಿಸಿ ನಟ್ ಪ್ಲೇಟಿನ ಹಿಂಬದಿಗೆ ಹೊಡೆಯಿರಿ. ಬಾಗಿಲ ಕಡೆಯ ಬೋಲ್ಟ್ ಆದರೆ ಬಾಗಿಲ ಪ್ಯಾಡ್ ಬಿಚ್ಚಿ ಅದೇ ಕೆಲಸ.

ಯಾವ ಎಣ್ಣೆ ಅಂತ ಕೇಳಿದರೆ, ಡಬ್ಲ್ಯುಡಿ 40 ಮೂಲತಃ ನೀರು ಓಡಿಸುವುದಕ್ಕೆ ಮಾಡಿದ್ದು. ಹೆಸರಿನ ಡಬ್ಲ್ಯುಡಿ ಅದನ್ನೇ ಹೇಳುತ್ತದೆ. ಕೆಲಸ ಮಾಡಲ್ಲ ಅಂತಲ್ಲ. ತುಕ್ಕು ಬಿಡಿಸುವುದಕ್ಕೇ ಅಂತ ಸಿಗುವ ಸ್ಪ್ರೇ ಅದಕ್ಕಿಂತ ವಾಸಿ. ಪವರ್ ಸ್ಟೀರಿಂಗ್, ಆಟೋಮ್ಯಾಟಿಕ್ ಗೇರ್‌ಗೆ ಹಾಕುವ ಕೆಂಪು ಎಣ್ಣೆಗೆ ಅಷ್ಟೇ ಅಸಿಟೋನ್ ಬೆರೆಸಿದರೂ ಚೆನ್ನಾಗಿ ಇಳಿಯುತ್ತದೆ. ಅಸಿಟೋನ್ ಪೇಂಟ್ ತಿನ್ನುತ್ತದೆ, ಬೆಂಕಿಗೆ ಬೇಗ ಹತ್ತುತ್ತದೆ. ಪಕ್ಕದಲ್ಲಿ ಬೀಡಿ ಸೇದುವವರು ಇದ್ದರೆ ಆ ಕಡೆ ಕಳಿಸಿ. ಏನೂ ಇಲ್ಲದಿದ್ದರೆ ಡೀಸೆಲ್ ಇದ್ದೇ ಇದೆ, ನಿಧಾನ ಅಷ್ಟೇ. ಸಂಜೆ ಹಾಕಿ ಬೆಳಿಗ್ಗೆ ಮತ್ತೆ ಹಾಕಿ.

ಕೈಗೆ ಏನು ತಿಳಿಯುತ್ತಿದೆ?

ಇಲ್ಲಿಂದ ಮುಂದೆ ಪತ್ತೆ ಹಚ್ಚುವ ಕೆಲಸ. ಸ್ಪ್ಯಾನರ್ ಹಾಕಿ ಒಂದು ಹದಕ್ಕೆ ಎಳೆಯಿರಿ. ಪೈಪ್ ಬೇಡ. ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೆ, ಆಮೇಲೆ ಬಿಚ್ಚುವ ಕಡೆಗೆ. ಆಗ ಬೋಲ್ಟ್ ಐದರಲ್ಲಿ ಒಂದು ತರಹ ನಡೆದುಕೊಳ್ಳುತ್ತದೆ.

ಕಿರ್ ಅಂತ ಸದ್ದು ಮಾಡಿ ಸ್ವಲ್ಪ ಅಲುಗಿತು ಅಂದ್ರೆ ಒಳ್ಳೇ ಸುದ್ದಿ. ತುಕ್ಕು ಒಡೆಯುತ್ತಿದೆ. ಹಾಗೇ ಆಚೀಚೆ ಆಡಿಸುತ್ತಾ ಹೋಗಿ.

ಒಂದು ಚೂರೂ ಅಲುಗಲಿಲ್ಲ, ಕಲ್ಲಿನ ಹಾಗೆ ನಿಂತಿದೆ ಅಂದ್ರೆ ಪೆಟ್ಟು ಅಥವಾ ಬಿಸಿ ಬೇಕು.

ಸದ್ದೇ ಇಲ್ಲದೆ ರಬ್ಬರ್ ತಿರುಗಿಸಿದ ಹಾಗೆ ಬಳುಕಿಕೊಂಡು ಬರುತ್ತಿದೆ ಅಂದ್ರೆ ಅಲ್ಲೇ ನಿಲ್ಲಿಸಿ. ಥ್ರೆಡ್ ತಿರುಗುತ್ತಿಲ್ಲ, ಬೋಲ್ಟಿನ ಕುತ್ತಿಗೆ ತಿರುಚುತ್ತಿದೆ. ಇನ್ನು ಕಾಲು ಸುತ್ತಿಗೆ ಟಕ್ ಅಂತ ಮುರಿಯುತ್ತದೆ. ಅನುಮಾನ ಇದ್ದರೆ ಬೋಲ್ಟ್ ತಲೆಯಿಂದ ಹಿಂಜಿನ ಮೇಲೆ ಹಾದುಹೋಗುವ ಹಾಗೆ ಸೀಮೆಸುಣ್ಣದ ಗೆರೆ ಹಾಕಿ, ಸ್ಪ್ಯಾನರ್ ಎಳೆದು ಬಿಡಿ. ಗೆರೆ ಹಿಂದಕ್ಕೆ ಬಂದು ಸೇರಿದರೆ ಥ್ರೆಡ್ ಬಿಟ್ಟಿಲ್ಲ ಅಂತ ಅರ್ಥ.

ಒಂದೆರಡು ಸುತ್ತು ಸಲೀಸಾಗಿ ಬಂದು, ಆಮೇಲೆ ಬರಬರುತ್ತಾ ಬಿಗಿಯಾಗುತ್ತಿದೆ ಅಂದ್ರೆ ಇದು ಹಿಂಜ್ ಬೋಲ್ಟಿನ ಖಾಸಾ ಕಾಯಿಲೆ. ಬೋಲ್ಟ್ ನಟ್ ಪ್ಲೇಟ್ ದಾಟಿ ಪಿಲ್ಲರ್ ಒಳಗೆ ಬಾಲ ಚಾಚಿರುತ್ತದೆ. ಆ ಬಾಲಕ್ಕೆ ವರ್ಷಗಟ್ಟಲೆ ತೇವ ಬಡಿದು ತುಕ್ಕು ಬೆಳೆದಿರುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಹಿಡಿಯುತ್ತದೆ. ಈಗ ನೀವು ಆ ದಪ್ಪ ಬಾಲವನ್ನು ಪ್ಲೇಟಿನ ಚೊಕ್ಕ ಥ್ರೆಡ್ ಮೂಲಕ ಹೊರಗೆ ಎಳೆಯುತ್ತಿದ್ದೀರಿ. ಜೋರು ಮಾಡಿದರೆ ಎರಡೇ ದಾರಿ, ಬೋಲ್ಟ್ ಮುರಿಯುತ್ತದೆ ಇಲ್ಲವೇ ಪ್ಲೇಟಿನ ಥ್ರೆಡ್ ಹರಿಯುತ್ತದೆ. ಬಿಗಿಯಾದ ಕೂಡಲೇ ಒಂದು ಸುತ್ತು ವಾಪಸ್ ಒಳಗೆ ಹೋಗಿ. ಒಳಗಡೆಯಿಂದ ಬಾಲಕ್ಕೆ ಸ್ಪ್ರೇ ಹೊಡೆಯಿರಿ, ಕೈ ಹೋದರೆ ತಂತಿ ಬ್ರಷ್ ಹಾಕಿ. ಅರ್ಧ ಸುತ್ತು ಹೊರಗೆ, ಕಾಲು ಸುತ್ತು ಒಳಗೆ. ಬೇಜಾರಿನ ಕೆಲಸ. ಬೇರೆ ದಾರಿ ಇಲ್ಲ.

ಕೊನೆಯದು, ಬೋಲ್ಟ್ ಸುಮ್ನೆ ತಿರುಗುತ್ತಲೇ ಇದೆ, ಹೊರಗೆ ಬರುತ್ತಿಲ್ಲ. ಇದಕ್ಕೆ ಎರಡು ಕಾರಣ ಇರಬಹುದು. ಥ್ರೆಡ್ ಹೋಗಿದೆ, ಅಥವಾ ಗೂಡು ಒಡೆದು ನಟ್ ಪ್ಲೇಟೇ ಜೊತೆಗೆ ತಿರುಗುತ್ತಿದೆ. ಪಿಲ್ಲರಿಗೆ ಕಿವಿ ಕೊಟ್ಟು ತಿರುಗಿಸಿ. ಒಳಗೆ ತಗಡು ಕೆರೆದ ಸದ್ದು, ಆಗಾಗ ತಟ್ಟಿದ ಸದ್ದು ಬಂದರೆ ಪ್ಲೇಟ್. ಸದ್ದಿಲ್ಲದಿದ್ದರೆ ಥ್ರೆಡ್. ಥ್ರೆಡ್ ಹೋಗಿದ್ದರೆ ಬೋಲ್ಟ್ ತಲೆಯ ಕೆಳಗೆ ಸ್ಕ್ರೂಡ್ರೈವರ್ ಕೊಟ್ಟು ಹೊರಕ್ಕೆ ಮೀಟುತ್ತಾ ತಿರುಗಿಸಿ, ಉಳಿದ ಥ್ರೆಡ್ ಹಿಡಿದು ಬರುತ್ತದೆ. ಪ್ಲೇಟ್ ತಿರುಗುತ್ತಿದ್ದರೆ ಒಳಗಿನಿಂದ ಅದನ್ನು ಹಿಡಿಯಲೇಬೇಕು. ಅದಕ್ಕೆ ಕೆಳಗೆ ಬರುತ್ತೇನೆ.

ಪೆಟ್ಟು, ಬಿಸಿ, ಆತುರ

ಅಲುಗದ ಬೋಲ್ಟಿಗೆ ಮೊದಲ ಮದ್ದು ಸುತ್ತಿಗೆ. ತಲೆಯ ಮೇಲೆ ಒಂದು ಕಬ್ಬಿಣದ ತುಂಡಿಟ್ಟು ನೇರವಾಗಿ ಹೊಡೆಯಬೇಕು. ಒಂದು ದೊಡ್ಡ ಪೆಟ್ಟಿಗಿಂತ ಇಪ್ಪತ್ತು ಸಣ್ಣ ಪೆಟ್ಟು ಮೇಲು. ಹಿಂದೆ ಇರುವುದು ತೆಳ್ಳನೆ ತಗಡು, ನೆನಪಿರಲಿ. ದೊಡ್ಡ ಪೆಟ್ಟಿಗೆ ಗೂಡು ಕಿತ್ತು ಬರುತ್ತದೆ. ಮಟ್ಟಸ ತಲೆಯ ಸ್ಕ್ರೂ ಇರುವ ಹಿಂಜ್ ಆದರೆ ಸುತ್ತಿಗೆಯಿಂದ ಹೊಡೆದರೆ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಬಳಸಿ. ಅದು ಒಂದೇ ಏಟಿಗೆ ಒಳಗೂ ಒತ್ತುತ್ತದೆ, ತಿರುಗಿಸುತ್ತದೆ ಕೂಡ. ಜಪಾನಿ ಗಾಡಿಗಳ ಪ್ಲಸ್ ಸ್ಕ್ರೂಗೆ ಮಾಮೂಲಿ ಫಿಲಿಪ್ಸ್ ಬಿಟ್ ಸರಿಯಾಗಿ ತಳ ಮುಟ್ಟುವುದಿಲ್ಲ, ಜಾರಿ ತಲೆ ಕೆರೆಯುತ್ತದೆ. ಜಪಾನಿ ಅಳತೆಯ ಬಿಟ್ ಬೇರೆಯೇ ಸಿಗುತ್ತದೆ.

ಎರಡನೇ ಮದ್ದು ಬಿಸಿ. ಇಲ್ಲಿ ಲೆಕ್ಕ ಸ್ವಲ್ಪ ನೋಡಿ. 8 ಎಂಎಂ ಉಕ್ಕನ್ನು 300 ಡಿಗ್ರಿಯಷ್ಟು ಬಿಸಿ ಏರಿಸಿದರೆ ದಪ್ಪದಲ್ಲಿ ಹಿಗ್ಗುವುದು ಸುಮಾರು 0.03 ಮಿಲಿಮೀಟರ್. ಕಾಗದಕ್ಕಿಂತ ತೆಳು. ಆದರೆ ತುಕ್ಕಿನ ಪದರ ಪುಡಿಯಾಗಲು ಅಷ್ಟು ಸಾಕು. ಬೋಲ್ಟ್ ಬಿಸಿಯಾಗಿ ಹಿಗ್ಗಿ, ತಣ್ಣಗಾಗಿ ಕುಗ್ಗುವಾಗ ನಡುವೆ ಕೂದಲೆಳೆ ಸಂದು ಬಿಡುತ್ತದೆ. ಮುಟ್ಟಿದರೆ ಮೇಣ ಕರಗುವಷ್ಟು ಬಿಸಿ ಉಳಿದಾಗ ಮೇಣದಬತ್ತಿಯನ್ನು ಬೋಲ್ಟಿಗೆ ಒತ್ತಿ ಹಿಡಿಯಿರಿ. ಕರಗಿದ ಮೇಣ ಆ ಸಂದಿಗೆ ಇಳಿಯುತ್ತದೆ. ಹತ್ತು ರೂಪಾಯಿಯ ಮೇಣದಬತ್ತಿ ದುಬಾರಿ ಸ್ಪ್ರೇ ಮಾಡದ ಕೆಲಸ ಮಾಡಿದ್ದನ್ನು ನೋಡಿದ್ದೇನೆ. ಕಂಪನಿಯಿಂದಲೇ ಥ್ರೆಡ್‌ಗೆ ಅಂಟು ಹಾಕಿ ಬಂದ ಬೋಲ್ಟ್ ಆದರೂ ಬಿಸಿಯೇ ಮದ್ದು. ಗಟ್ಟಿ ಜಾತಿಯ ಅಂಟು ಸುಮಾರು 250 ಡಿಗ್ರಿಗೆ ಮೆತ್ತಗಾಗುತ್ತದೆ.

ಬಿಸಿ ಮಾಡುವ ಮೊದಲು ಎಣ್ಣೆ, ಅಸಿಟೋನ್ ಪೂರ್ತಿ ಒರೆಸಿ. ಪಿಲ್ಲರ್ ಒಳಗೆ ವೈರ್ ಹೋಗಿದೆಯಾ, ಹಿಂದೆ ರಬ್ಬರ್ ಬೀಡಿಂಗ್, ಸ್ಪಂಜು ಇದೆಯಾ ನೋಡಿ. ಬ್ಯಾಟರಿ ವೈರ್ ತೆಗೆಯಿರಿ. ಪಕ್ಕದಲ್ಲಿ ಒದ್ದೆ ಗೋಣಿಚೀಲ, ಬಕೆಟ್ ನೀರು ಇರಲಿ. ಎಣ್ಣೆ ತೊಳೆಯಲು ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದ ಜಾಗಕ್ಕೆ ಬೆಂಕಿಯೂ ಬೇಡ, ವೆಲ್ಡಿಂಗೂ ಬೇಡ. ಕ್ಲೋರಿನ್ ಇರುವ ಜಾತಿಯ ಕ್ಲೀನರ್ ಬಿಸಿಗೆ ವಿಷದ ಗಾಳಿ ಬಿಡುತ್ತದೆ.

ತಲೆ ರೌಂಡ್ ಆಗಿಬಿಟ್ಟಿದ್ದರೆ? 13 ನಂಬರ್ ತಲೆಗೆ ಅರ್ಧ ಇಂಚಿನ ಆರು ಮೂಲೆ ಸಾಕೆಟನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಿ. ಮೇಲೆ ತಲೆ ತಿಂದಿದ್ದ ಅದೇ 0.3 ಮಿಲಿಮೀಟರ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಅದೂ ಆಗದಿದ್ದರೆ ಅರದಲ್ಲಿ ಎರಡು ಬದಿ ಚಪ್ಪಟೆ ಮಾಡಿ ಗ್ರಿಪ್ ಪ್ಲೈಯರ್ ಹಾಕಿ.

ಮೂಡಿಗೆರೆ ಕಡೆಯ ಒಂದು ತೋಟದ ಜೀಪು ಹೀಗೇ ಬಂದಿತ್ತು. ಡ್ರೈವರ್ ಬಾಗಿಲ ಕೆಳಗಿನ ಹಿಂಜ್. ಮೂರು ಬೋಲ್ಟ್ ಬಂದಿದ್ದವು, ನಾಲ್ಕನೆಯದು ಬಳುಕಲು ಶುರು ಮಾಡಿತ್ತು. ತೋಟದವರು ಪಕ್ಕದಲ್ಲೇ ನಿಂತಿದ್ದರು. ಮಳೆ ಬೇರೆ ಬರುವ ಹಾಗಿತ್ತು.

"ಎಷ್ಟೊತ್ತು ಅದರ ಮುಖ ನೋಡ್ತೀರಿ ಮಾರಾಯ್ರೇ? ಒಂದು ಪೈಪ್ ಹಾಕಿ ಎಳೀರಿ, ಬಂದ್ರೆ ಬರುತ್ತೆ, ಇಲ್ಲಾಂದ್ರೆ ಮುರಿಯುತ್ತೆ."

"ಮುರಿಯೋದು ನಂಗೂ ಬೇಕು ಗೌಡ್ರೇ. ಆದ್ರೆ ಎಲ್ಲಿ ಮುರೀಬೇಕು ಅಂತ ನಾನು ಹೇಳ್ಬೇಕು, ಅದು ಹೇಳಬಾರದು."

"ಅಂದ್ರೆ?"

"ಪೈಪ್ ಹಾಕಿ ಎಳೆದ್ರೆ ಪ್ಲೇಟ್ ಒಳಗೇ ಮುರೀಬಹುದು. ಈಗ ತಲೆ ನಾನೇ ತೆಗೀತೀನಿ. ಬಾಲ ಕೈಗೆ ಸಿಗೋ ಹಾಗೆ ಉಳೀತದೆ."

ಅವರಿಗೆ ಪೂರ್ತಿ ಸಮಾಧಾನ ಆಗಲಿಲ್ಲ. ಆದರೂ ಡ್ರಿಲ್‌ಗೆ ವೈರ್ ಎಳೆದು ಕೊಟ್ಟರು.

ತಲೆ ತೆಗೆಯುವ ದಾರಿ

ಮುರಿಯುವ ಲಕ್ಷಣ ಕಂಡರೆ ನಾವೇ ಮೊದಲು ತಲೆ ತೆಗೆಯುವುದು ಜಾಣತನ. ಬೋಲ್ಟ್ ತಾನಾಗಿ ಮುರಿದರೆ ಮುರುಕು ಮೇಲ್ಮೈ ಡೊಂಕಾಗಿರುತ್ತದೆ, ಒಮ್ಮೊಮ್ಮೆ ತಗಡಿನ ಒಳಗೆ ಹೋಗಿರುತ್ತದೆ. ತಲೆ ಮಾತ್ರ ಕೊರೆದು ತೆಗೆದರೆ ಹಿಂಜಿನ ಎಲೆ ಕಳಚಿ ಬರುತ್ತದೆ. ಎಲೆಯ ದಪ್ಪದಷ್ಟು ಬೋಲ್ಟ್ ಪಿಲ್ಲರಿನಿಂದ ಹೊರಗೆ ನಿಂತಿರುತ್ತದೆ. ಜೊತೆಗೆ, ತಲೆ ಹೋದ ಕ್ಷಣ ಬೋಲ್ಟಿನ ಎಳೆತ ಪೂರ್ತಿ ಬಿಡುತ್ತದೆ. ಅಷ್ಟೊತ್ತು ಜಪ್ಪಯ್ಯ ಅನ್ನದ ಬೋಲ್ಟ್ ಆಮೇಲೆ ಪ್ಲೈಯರ್‌ಗೇ ತಿರುಗುವುದುಂಟು. ಆ ಜೀಪಿನದು ಹಾಗೇ ಬಂತು.

ತಲೆಯ ನಟ್ಟನಡುವೆ ಸೆಂಟರ್ ಪಂಚ್ ಹೊಡೆಯಿರಿ. ಇದಕ್ಕೆ ಸಮಯ ಕೊಡಿ, ಪಂಚ್ ಓರೆಯಾದರೆ ಮುಂದಿನದೆಲ್ಲ ಓರೆ. 3 ಎಂಎಂ ಬಿಟ್‌ನಲ್ಲಿ ದಾರಿ ಮಾಡಿ, ಆಮೇಲೆ 5, ಆಮೇಲೆ ಬೋಲ್ಟಿನ ದಪ್ಪದ್ದೇ 8. ತಲೆಯ ಎತ್ತರದಷ್ಟು ಆಳ ಹೋದರೆ ಸಾಕು, ತಲೆ ಉಂಗುರದ ಹಾಗೆ ಬಿಟ್ಟಿನ ಮೇಲೆ ಸುತ್ತಲು ಶುರುವಾಗುತ್ತದೆ. ಡ್ರಿಲ್ ನಿಧಾನ ತಿರುಗಲಿ, ಒತ್ತು ಜಾಸ್ತಿ ಇರಲಿ, ಎಣ್ಣೆ ಹನಿಸುತ್ತಿರಿ. ಉದ್ದನೆ ಸುರುಳಿ ಬರುತ್ತಿದ್ದರೆ ಸರಿಯಾಗಿದೆ. ಬರೀ ಹೊಗೆ, ಪುಡಿ ಬಂದರೆ ಬಿಟ್ ಮೊಂಡಾಗಿದೆ. ಹಾಗೇ ಒತ್ತಿದರೆ ಬೋಲ್ಟ್ ಹದ ಏರಿ ಇನ್ನೂ ಗಟ್ಟಿಯಾಗುತ್ತದೆ.

ಮುರಿದು ಹೋಗಿದ್ದರೆ

ತುಂಡು ಹೊರಗೆ ಕಾಣುತ್ತಿದ್ದರೆ ಗ್ರಿಪ್ ಪ್ಲೈಯರ್ ಹಾಕಿ ಆಚೀಚೆ ಆಡಿಸಿ. ಪಿಲ್ಲರ್ ಒಳಗೆ ಕೈ ಹೋಗುವ ಗಾಡಿ ಆದರೆ ಇನ್ನೊಂದು ಯೋಚನೆ ಮಾಡಿ. ತುಂಡನ್ನು ಹೊರಗೆ ಎಳೆಯುವ ಬದಲು ಒಳಕ್ಕೇ ತಿರುಗಿಸಿಬಿಡಬಹುದು. ತುಕ್ಕು ಹಿಡಿದ ಬಾಲ ಆಗ ಪ್ಲೇಟ್ ಮೂಲಕ ಬರಬೇಕಾಗಿಲ್ಲ. ಚೊಕ್ಕ ಇರುವ ಈ ಕಡೆಯ ಭಾಗವೇ ದಾಟಿ ಹೋಗುತ್ತದೆ. ಬಿದ್ದ ತುಂಡನ್ನು ಆಯಸ್ಕಾಂತದ ಕಡ್ಡಿಯಿಂದ ಎತ್ತಿ ತೆಗೆಯಿರಿ, ಬಿಟ್ಟರೆ ಚಾರ್ಮಾಡಿ ಇಳಿಯುವಷ್ಟು ದೂರವೂ ಕಟಕಟ ಅನ್ನುತ್ತಿರುತ್ತದೆ.

ಪ್ಲೈಯರ್‌ಗೆ ಸಿಗದಷ್ಟು ಚಿಕ್ಕದಾಗಿ ಉಳಿದಿದ್ದರೆ ನನ್ನ ಮೊದಲ ಆಯ್ಕೆ ವೆಲ್ಡಿಂಗ್. ತುಂಡಿನ ಮೇಲೆ ವಾಷರ್ ಇಟ್ಟು ತುಂಡಿಗೂ ವಾಷರಿಗೂ ಸೇರಿಸಿ ಬೆಸೆದು, ಅದರ ಮೇಲೆ ದೊಡ್ಡ ನಟ್ ಇಟ್ಟು ಒಳಗಿನಿಂದ ತುಂಬಿಸುವುದು. ಕಡ್ಡಿ ವೆಲ್ಡಿಂಗ್‌ಗಿಂತ, ಗ್ಯಾಸಿನ ಜೊತೆ ತಂತಿ ತಾನಾಗಿ ಬರುವ ಸಿಒಟು ವೆಲ್ಡಿಂಗ್ ಇದಕ್ಕೆ ಒಪ್ಪುತ್ತದೆ. ಬೋಲ್ಟಿಗೆ ಹಿಡಿ, ಬಿಸಿ ಎರಡೂ ಒಟ್ಟಿಗೆ ಸಿಗುತ್ತವೆ. ಕೆಂಪು ಆರುವವರೆಗೆ ಕಾಯಿರಿ. ಕೆಂಪಗಿರುವಾಗಲೇ ತಿರುಗಿಸಿದರೆ ಬೆಸುಗೆಯೇ ಕಳಚುತ್ತದೆ. ಮೊದಲ ಸಲ ಕಳಚಿದರೆ ಬೇಸರ ಬೇಡ, ಮತ್ತೆ ಬೆಸೆಯಿರಿ, ಪ್ರತಿ ಸಲದ ಬಿಸಿಯೂ ಲಾಭವೇ. ಅರ್ತ್ ಕ್ಲಿಪ್ಪನ್ನು ಅದೇ ಪಿಲ್ಲರಿಗೆ ಹಾಕಿ. ಗಾಜಿನ ಮೇಲೆ ಒದ್ದೆ ಚೀಲ ಹೊದಿಸಿ, ಕಿಡಿ ಬಿದ್ದರೆ ಗಾಜಿನಲ್ಲಿ ಚುಕ್ಕೆ ಉಳಿದುಬಿಡುತ್ತದೆ.

ವೆಲ್ಡಿಂಗ್ ಸೌಕರ್ಯ ಇಲ್ಲ ಅಂದ್ರೆ ಕೊರೆಯಬೇಕು. 8 ಎಂಎಂ ಬೋಲ್ಟಿಗೆ ನಡುವೆ ಸಣ್ಣ ತೂತಿನಿಂದ ಶುರು ಮಾಡಿ 6.8ರವರೆಗೆ. 5/16 ಇಂಚಿನ ಸಣ್ಣ ಥ್ರೆಡ್ ಆದರೆ 6.9. ತೂತು ನಡುಮಧ್ಯ ಇದ್ದರೆ ಉಳಿಯುವುದು ಥ್ರೆಡ್‌ನ ಸುರುಳಿ ಮಾತ್ರ, ಸೂಜಿಮೂತಿ ಪ್ಲೈಯರ್‌ನಲ್ಲಿ ಎಳೆದರೆ ತಂತಿಯ ಹಾಗೆ ಬರುತ್ತದೆ. ಎಡಕ್ಕೆ ತಿರುಗುವ ಬಿಟ್ ಆನ್‌ಲೈನ್‌ನಲ್ಲಿ ತರಿಸಿ ಇಟ್ಟುಕೊಂಡರೆ ಒಳ್ಳೆಯದು. ಕೊರೆಯುವಾಗಲೇ ಕಚ್ಚಿ ತುಂಡನ್ನು ಬಿಚ್ಚಿಬಿಡುತ್ತದೆ.

ಈಸಿ ಔಟ್ ಅಂತ ಸಿಗುವ ಎಡ ಸುರುಳಿಯ ಸಾಧನದ ಮೇಲೆ ನನಗೆ ಅಷ್ಟು ವಿಶ್ವಾಸ ಇಲ್ಲ. ಬಿಗಿದ ಬೋಲ್ಟ್ ಮುರಿದು ತುಕ್ಕಿಲ್ಲದಿದ್ದರೆ ಸರಿ. ಎಂಟು ಎಂಎಂ ಬೋಲ್ಟಿನ ತಲೆಯೇ ತಡೆಯದೆ ಮುರಿದಿದೆ. ಅದರೊಳಗೆ ಹೋಗುವ ನಾಲ್ಕು ಎಂಎಂ ಈಸಿ ಔಟ್ ತಡೆಯುತ್ತದಾ? ಅದು ಒಳಗೆ ಮುರಿದರೆ ಮಾಮೂಲಿ ಬಿಟ್ ಅದನ್ನು ಗೀಚುವುದೂ ಇಲ್ಲ. ಅಷ್ಟು ಗಟ್ಟಿ ಉಕ್ಕು.

ನಟ್ ಪ್ಲೇಟ್ ಜೊತೆಗೇ ತಿರುಗುತ್ತಿದ್ದರೆ

ಒಳಗಿನ ತೂತಿನಿಂದ ಉದ್ದ ಮೂತಿಯ ಗ್ರಿಪ್ ಪ್ಲೈಯರ್ ಹೋಗುತ್ತದಾ ನೋಡಿ. ಇಲ್ಲವೇ ಉದ್ದನೆ ಸ್ಕ್ರೂಡ್ರೈವರನ್ನು ಪ್ಲೇಟಿಗೂ ಪಿಲ್ಲರಿಗೂ ನಡುವೆ ಸಿಕ್ಕಿಸಿ. ಎರಡೂ ಆಗದಿದ್ದರೆ ಒಳತಗಡಿನಲ್ಲಿ ಕಿಟಕಿ ತೆರೆಯಬೇಕು. ಹೊರಗಿನ ತಗಡಿನಲ್ಲಲ್ಲ, ಟ್ರಿಮ್ ಮುಚ್ಚುವ ಒಳಗಿನದರಲ್ಲಿ. ಮೂರು ಬದಿ ಮಾತ್ರ ಕೊಯ್ದು ಮುಚ್ಚಳದ ಹಾಗೆ ಮಡಚಿ. ಕೆಲಸ ಮುಗಿದ ಮೇಲೆ ಹಿಂದಕ್ಕೆ ಒತ್ತಿ ವೆಲ್ಡ್ ಮಾಡಿ, ಪ್ರೈಮರ್ ಹೊಡೆಯಿರಿ. ಪಿಲ್ಲರ್ ಗಾಡಿಯ ಎಲುಬು. ಕೈ ಹೋಗುವುದಕ್ಕಿಂತ ಒಂದು ಇಂಚೂ ಜಾಸ್ತಿ ಕೊಯ್ಯಬೇಡಿ. ಬಾಡಿ ಕೆಲಸದ ಅನುಭವ ಇಲ್ಲದವರು ಇಲ್ಲಿಗೆ ನಿಲ್ಲಿಸಿ ಟಿಂಕರ್ ಹತ್ತಿರ ಹೋಗುವುದೇ ಸರಿ. ಚಿಕ್ಕಮಗಳೂರಲ್ಲೂ ಹಾಸನದಲ್ಲೂ ಹಳೇ ಗಾಡಿ ಗೊತ್ತಿರುವ ಕೈಗಳು ಇನ್ನೂ ಇವೆ.

ಪ್ಲೇಟ್ ಹಾಳಾಗಿದ್ದರೆ ಹೊಸದು ಹುಡುಕಿ ಅಲೆಯಬೇಕಿಲ್ಲ. 6 ಎಂಎಂ ಪಟ್ಟಿಯಲ್ಲಿ ಹಿಂಜಿನ ತೂತುಗಳನ್ನೇ ಗುರುತು ಮಾಡಿಕೊಂಡು ಕೊರೆದು, ಥ್ರೆಡ್ ಕೊಯ್ಯುವ ಟ್ಯಾಪ್ ಹಾಕಿದರೆ ಆಯಿತು. ಯಾವ ಲೇತ್ ಅಂಗಡಿಯಲ್ಲೂ ಮಾಡಿಕೊಡುತ್ತಾರೆ.

ಮತ್ತೆ ಹಾಕುವಾಗ

ಪ್ಲೇಟಿನ ಥ್ರೆಡ್ ಚೊಕ್ಕ ಮಾಡಲು ಹೊಸ ಟ್ಯಾಪ್ ಓಡಿಸಬೇಡಿ, ಇದ್ದ ಲೋಹವನ್ನೂ ಕೊಯ್ಯುತ್ತದೆ. ಅದೇ ಅಳತೆಯ ಒಳ್ಳೇ ಬೋಲ್ಟ್ ತೆಗೆದುಕೊಂಡು ಗರಗಸದ ಬ್ಲೇಡಿನಲ್ಲಿ ಉದ್ದಕ್ಕೆ ಒಂದು ಕಚ್ಚು ಹಾಕಿ ಎಣ್ಣೆ ಹಚ್ಚಿ ತಿರುಗಿಸಿ. ತುಕ್ಕೆಲ್ಲ ಆ ಕಚ್ಚಿನಲ್ಲಿ ತುಂಬಿ ಬರುತ್ತದೆ.

ಹೊಸ ಬೋಲ್ಟಿನ ತಲೆಯ ಮೇಲೆ 8.8 ಅಂತ ಇರಬೇಕು, ಅದು ಬೋಲ್ಟಿನ ಗಟ್ಟಿತನದ ಗುರುತು. ಗೇಟಿಗೆ ಹಾಕುವ ಮೆತ್ತನೆ ಬೋಲ್ಟ್ ಬಾಗಿಲ ಭಾರ ತಡೆಯಲ್ಲ. ತುಕ್ಕೇ ಬರಬಾರದು ಅಂತ ಸ್ಟೇನ್‌ಲೆಸ್ ಹಾಕುವವರಿದ್ದಾರೆ. ನಮ್ಮ ಮಳೆಗೆ ಅದು ತಾನು ಹೊಳೆಯುತ್ತಾ ಪಕ್ಕದ ಕಬ್ಬಿಣವನ್ನು ತಿನ್ನಿಸುತ್ತದೆ, ನಾನಂತೂ ಹಾಕುವುದಿಲ್ಲ. ಬಾಲ ಒಳಗೆ ಜಾಸ್ತಿ ಚಾಚದ ಉದ್ದ ನೋಡಿ ತನ್ನಿ. ಥ್ರೆಡ್‌ಗೆ ಗ್ರೀಸ್ ಹಚ್ಚಿ. ಒಣಗಿದ 8 ಎಂಎಂ 8.8 ಬೋಲ್ಟಿಗೆ ಸುಮಾರು 25 ನ್ಯೂಟನ್ ಮೀಟರ್ ಬಿಗಿ ಬೇಕು. ಗ್ರೀಸ್ ಹಚ್ಚಿದರೆ ಅದಕ್ಕಿಂತ ಸ್ವಲ್ಪ ಕಡಿಮೆ. ಗಾಡಿಯ ಮ್ಯಾನುಯಲ್ ಸಿಕ್ಕಿದರೆ ಅದರಲ್ಲಿ ಇರುವುದೇ ಲೆಕ್ಕ.

ಮಳೆಗಾಲಕ್ಕೆ ಮುಂಚೆ ಪಿಲ್ಲರ್ ಒಳಗೆ ಹಳೇ ಎಂಜಿನ್ ಆಯಿಲ್ ಹೊಡೆಯುವ ರೂಢಿ ನಮ್ಮಲ್ಲಿದೆ. ತುಕ್ಕಿಗೆ ಪರವಾಗಿಲ್ಲ, ಆದರೆ ರಬ್ಬರ್ ಉಬ್ಬುತ್ತದೆ, ಧೂಳು ಅಂಟುತ್ತದೆ. ಒಳಭಾಗಕ್ಕೇ ಅಂತ ಬರುವ ಮೇಣದ ಸ್ಪ್ರೇ ಸಿಕ್ಕಿದರೆ ಅದನ್ನೇ ಬಳಸಿ. ಏನು ಹೊಡೆದರೂ ಮೊದಲು ಕೆಳಗಿನ ನೀರಿನ ತೂತಿನ ಮಣ್ಣನ್ನು ತಂತಿಯಲ್ಲಿ ಚುಚ್ಚಿ ತೆಗೆಯಿರಿ.

ಬಾಗಿಲನ್ನು ಗೆರೆಗೆ ಸರಿಯಾಗಿ ಕೂರಿಸಿ, ಎಲ್ಲ ಬೋಲ್ಟನ್ನೂ ಕೈಯಲ್ಲಿ ಹಿಡಿಸಿ ಆಮೇಲೆ ಒಂದೊಂದಾಗಿ ಬಿಗಿಯಿರಿ. ಜಾಕ್ ನಿಧಾನ ಇಳಿಸಿ. ತೋಟದ ರಸ್ತೆಯಲ್ಲಿ ಒಂದು ವಾರ ಓಡಿದ ಮೇಲೆ ಸ್ಪ್ಯಾನರ್ ಹಾಕಿ ನೋಡಿ. ಹೊಸ ಪ್ಲೇಟ್ ಹಾಕಿದ್ದರೆ ಕಾಲು ಸುತ್ತು ಸಡಿಲ ಆಗಿರುವುದು ಸಾಮಾನ್ಯ.